ವಿದ್ಯಾರ್ಥಿಗಳ ವ್ಯಾಸಂಗಕ್ರಮ: ಕೇಳಿದುದೂ ಕಂಡುದೂ

ಕಾಲೇಜು ವಿದ್ಯಾರ್ಥಿಗಳು ಹೇಗೆ ಅಭ್ಯಾಸ ಮಾಡುತ್ತಾರೆಂಬುದನ್ನು ಅವರನ್ನೇ ಕೇಳಿ ತಿಳಿಯಬಹುದಲ್ಲವೆ ಎಂದು ಮೇಲ್ನೋಟಕ್ಕೆ ತೋರುವುದು ಸಹಜ. ಪ್ರಶ್ನಾವಳಿಗಳನ್ನು ಹಂಚಿ ಉತ್ತರಗಳನ್ನು ಎಣಿಸುವ ಪದ್ಧತಿ ಈ ನಂಬಿಕೆಯ ಮೇಲೆಯೇ ನಿಂತಿದೆ. ಆದರೆ ಮನುಷ್ಯನು ತಾನು ಮಾಡುವುದನ್ನು ಹೇಳುವಾಗ ಮಾಡಬೇಕಾದುದನ್ನೂ ಅದರೊಡನೆ ಬೆರೆಸಿಬಿಡುತ್ತಾನೆ. ದಿನಕ್ಕೆಷ್ಟು ಹೊತ್ತು ಓದುವೆಯೆಂದು ಕೇಳಿದರೆ ಪ್ರಾಮಾಣಿಕನಾದ ವಿದ್ಯಾರ್ಥಿಯೂ ಊಹಿಸಿಯೇ ಉತ್ತರ ಕೊಡಬೇಕು. ಮಾತಿಗೂ ಕೃತಿಗೂ ನಡುವಣ ಈ ಅಂತರವನ್ನು ಬಲ್ಲ ಮಾನವಶಾಸ್ತ್ರಜ್ಞರು ಜನರ ನಡುವೆ ಇದ್ದು ನೋಡುವ ಕ್ರಮವನ್ನು ಬೆಳೆಸಿದರು. 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ನೆಲಸಿ ಅಧ್ಯಯನ ನಡೆಸಿದ ಎಂ. ಎನ್. ಶ್ರೀನಿವಾಸರಿಂದಾಗಿ ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಅದೇ ದೃಷ್ಟಿಯನ್ನು ಹಳ್ಳಿಯಿಂದ ಗ್ರಂಥಾಲಯದ ಕಡೆಗೆ ತಿರುಗಿಸಿದುದು ಈಚಿನ ಸಂಗತಿ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಗ್ರಂಥಾಲಯವು ನ್ಯಾನ್ಸಿ ಫ್ರೀಡ್ ಫೋಸ್ಟರ್ ಎಂಬ ಮಾನವಶಾಸ್ತ್ರಜ್ಞೆಯ ನೇತೃತ್ವದಲ್ಲಿ ಕೈಗೊಂಡ ಇಂಥ ಸಂಶೋಧನೆಯ ಫಲಿತಾಂಶಗಳು 2007ರಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ವಿದ್ಯಾರ್ಥಿಯು ಪ್ರಬಂಧವನ್ನು ಹೇಗೆ ಬರೆಯುತ್ತಾನೆ ಎಂಬುದೇ ಮೂಲಪ್ರಶ್ನೆ. ಒಂದು ಪ್ರಬಂಧ ಬರೆದು ಮುಗಿಸಿದವರಿಗೆ ದೊಡ್ಡ ಹಾಳೆಯೊಂದನ್ನು ಕೊಟ್ಟು, ಮೊದಲಿನಿಂದ ಕೊನೆಯವರೆಗೆ ನಡೆದುದನ್ನು ಚಿತ್ರ ಬರೆಯುತ್ತ ವಿವರಿಸಲು ಹೇಳಲಾಯಿತು. ಕೆಲವರ ಕೈಗೆ ಕ್ಯಾಮರಾ ಕೊಟ್ಟು ತಾವು ಓದುವ ಸ್ಥಳ, ಸದಾ ಜೊತೆಗೊಯ್ಯುವ ವಸ್ತು ಮುಂತಾದವುಗಳ ಛಾಯಾಚಿತ್ರ ತೆಗೆಯಿಸಿದರು. ಮತ್ತೆ ಕೆಲವರು ಆವರಣದ ನಕ್ಷೆಯ ಮೇಲೆ ಒಂದು ದಿನದ ತಮ್ಮ ಓಡಾಟವನ್ನೆಲ್ಲ ಗುರುತಿಸಿದರು. ರಾತ್ರಿಯ ವೇಳೆ ವಿದ್ಯಾರ್ಥಿನಿಲಯದ ಕೋಣೆಗಳಿಗೆ ಹೋಗಿ ನೋಡಿದುದೂ ಉಂಟು.

ನಕ್ಷೆಗಳು ಬಿಡುವಿಲ್ಲದ ಅಲೆದಾಟವನ್ನು ತೋರಿಸಿದವು. ತರಗತಿ, ಊಟ, ಕೆಲಸ, ಗೆಳೆಯರು ಎಂದು ಹಗಲು ಚೂರುಚೂರಾಗಿ ಹಂಚಿಹೋಗಿ, ನಿಜವಾದ ಓದು ಬಹುಮಟ್ಟಿಗೆ ರಾತ್ರಿಗೆ ಉಳಿಯುತ್ತಿತ್ತು. ಗ್ರಂಥಪಾಲಕರ ಕೆಲಸದ ಹೊತ್ತಾದರೋ ಮುಖ್ಯವಾಗಿ ಹಗಲು! ಇನ್ನೊಂದು ಸಂಗತಿ ಯಾರೂ ನಿರೀಕ್ಷಿಸದೆ ಇದ್ದುದು: ಪ್ರಬಂಧದ ವಿಷಯವನ್ನು ಆರಿಸಲು, ಬರೆದುದನ್ನು ತಿದ್ದಿಸಲು ಹಲವರು ತಂದೆತಾಯಿಗಳ ಮೊರೆಹೋಗುತ್ತಿದ್ದರು. ಆದುದರಿಂದ ಗ್ರಂಥಾಲಯವು ಹೊಸ ವಿದ್ಯಾರ್ಥಿಗಳ ಪೋಷಕರನ್ನೇ ಉಪಾಹಾರಕ್ಕೆ ಕರೆದು ಗ್ರಂಥಪಾಲಕರ ಪರಿಚಯ ಮಾಡಿಕೊಡತೊಡಗಿತು. ಪ್ರಶ್ನಾವಳಿಯನ್ನು ಸಿದ್ಧಪಡಿಸುವವನಿಗೆ ಈ ಪ್ರಶ್ನೆ ಹೊಳೆಯುವುದೇ ಕಷ್ಟ. ಹೊಳೆಯದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

ಅನಂತರ 2008ರಿಂದ 2010ರವರೆಗೆ ಇಲಿನಾಯ್ ರಾಜ್ಯದ ಐದು ವಿಶ್ವವಿದ್ಯಾನಿಲಯಗಳಲ್ಲಿ ಇಂಥದೇ ಕೆಲಸ ನಡೆಯಿತು. ಅವುಗಳಲ್ಲೊಂದಾದ ಇಲಿನಾಯ್ ವೆಸ್ಲಿಯನ್‌ನಲ್ಲಿ ಮಾಹಿತಿ ಹುಡುಕುವ ರೀತಿಯನ್ನು ಗಮನಿಸಲಾದ 30 ವಿದ್ಯಾರ್ಥಿಗಳ ಪೈಕಿ ಗ್ರಂಥಪಾಲಕರು ಒಪ್ಪುವಂತೆ ಹುಡುಕಿದವರು 7 ಮಂದಿ ಮಾತ್ರ. ಗಣಕಯಂತ್ರದ ಬಳಕೆಯಲ್ಲಿ ಪಳಗಿದ ತಲೆಮಾರೆಂಬ ಮಾತನ್ನು ಇಲ್ಲಿ ತುಸು ಎಚ್ಚರದಿಂದಲೇ ಕೇಳಬೇಕಾಗುತ್ತದೆ.

ಈ ಕ್ರಮಕ್ಕೆ ಮಿತಿಗಳಿಲ್ಲದಿಲ್ಲ. ಪರರ ಕಣ್ಣು ತನ್ನ ಮೇಲಿರುವಾಗ ಯಾವ ವಿದ್ಯಾರ್ಥಿಯೂ ತೂಕಡಿಸಲಾರ. ಕ್ಯಾಮರಾವನ್ನೂ ನಕ್ಷೆಯನ್ನೂ ಅವನ ಕೈಗೇ ಒಪ್ಪಿಸಿದುದರ ಗುಣ ಇರುವುದು ಇಲ್ಲಿ. ಆದರೂ ತೆರೆದ ಪುಟದ ಮುಂದೆ ಕುಳಿತವನ ಮನಸ್ಸು ಎಲ್ಲಿದೆಯೆಂಬುದನ್ನು ಯಾವ ಚಿತ್ರವೂ ಹೇಳಲಾರದು. ಗಮನಿಸಲ್ಪಟ್ಟವರ ಸಂಖ್ಯೆಯೂ ಅಲ್ಪ. ಹೀಗಾಗಿ ರಾಚೆಸ್ಟರಿನ ನಿರ್ಣಯಗಳನ್ನು ಬೇರೆಡೆಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಒಂದೇ ಕೋಣೆಯ ಮನೆಯಲ್ಲಿ ಸ್ಥಳ ಸಾಲದೆ ಅಭ್ಯಾಸಿಕೆಗೆ ಹೋಗಿ ಓದುವ ಮುಂಬಯಿಯ ಹುಡುಗನ ನಕ್ಷೆಯೇ ಬೇರೆ. ಅದನ್ನು ಅವನಿಂದಲೇ ಬರೆಯಿಸಬೇಕು.