ಅಂಗಾಲು ಹರಿದ ನಾಯಿ: ಔಷಧಕ್ಕಿಂತ ಕಾವಲು ದೊಡ್ಡದು

ಬೆಂಗಳೂರಿನ ಇಂದಿರಾನಗರದ 100 ಅಡಿ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ನಾಯಿ ಕರೆದುಕೊಂಡು ಹೊರಟವರಿಗೆ ಒಡೆದ ಬಿಯರ್ ಬಾಟಲಿ ಹೊಸದಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ತಗಡಿನ ಚೂರು, ಹಲಸೂರಿನ ಗಲ್ಲಿಗಳಲ್ಲಿ ಹಳೆ ಮನೆ ಕೆಡವಿದ ಕಡೆ ಟೈಲ್ಸ್ ಚಕ್ಕೆ, ಕೆ.ಆರ್. ಪುರದಲ್ಲಿ ಕಾಮಗಾರಿ ನಡೆದಲ್ಲೆಲ್ಲ ಕಟ್ಟುತಂತಿಯ ತುಂಡು. ಚಪ್ಪಲಿ ಹಾಕಿದ ನಾವು ದಾಟಿ ಹೋಗುತ್ತೇವೆ. ನಾಯಿ ಮನೆಗೆ ಬಂದು ನೆಲದ ಮೇಲೆ ಕೆಂಪು ಹೆಜ್ಜೆ ಬಿದ್ದಾಗಲೇ ನಮಗೆ ಗೊತ್ತಾಗುವುದು.

ನಾಯಿಯ ಒಂದೊಂದು ಪಾದದಡಿಯಲ್ಲೂ ಬೆರಳಿಗೊಂದರಂತೆ ನಾಲ್ಕು ಸಣ್ಣ ಮೆತ್ತೆ, ನಡುವೆ ಒಂದು ದೊಡ್ಡ ಮೆತ್ತೆ ಇರುತ್ತವೆ. ಹೊರಗೆ ದಪ್ಪನೆಯ ಒರಟು ಚರ್ಮ, ಒಳಗೆ ಕೊಬ್ಬಿನ ಪದರ, ಅದರ ತುಂಬ ರಕ್ತನಾಳ ಮತ್ತು ನರ. ಹೆಜ್ಜೆ ಊರಿದಾಗಲೆಲ್ಲ ಮೈಭಾರಕ್ಕೆ ಮೆತ್ತೆ ಅಗಲವಾಗುತ್ತದೆ, ಸೀಳಿದ್ದರೆ ಅದೂ ಬಾಯಿ ಬಿಡುತ್ತದೆ. ಮೈಮೇಲಿನ ಗಾಯಕ್ಕೂ ಅಂಗಾಲಿನ ಗಾಯಕ್ಕೂ ಇರುವ ವ್ಯತ್ಯಾಸ ಇದೇ. ಆದ್ದರಿಂದ ಏನು ಹಚ್ಚಬೇಕು ಎನ್ನುವುದಕ್ಕಿಂತ ಏನನ್ನು ದೂರ ಇಡಬೇಕು ಎನ್ನುವುದು ಇಲ್ಲಿ ಮುಖ್ಯ. ದೂರ ಇಡಬೇಕಾದವು ಮೂರು: ಭಾರ, ತೇವ, ನಾಲಿಗೆ. ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಹಲವು ಈ ಮೂರರಲ್ಲಿ ಒಂದನ್ನು ಮರೆತದ್ದರಿಂದ ಹುಟ್ಟಿದವು.

ತಪ್ಪು ಕಲ್ಪನೆ 1: “ಇಷ್ಟು ರಕ್ತ ಹೋಗ್ತಿದೆ ಅಂದ್ರೆ ನರಾನೇ ಕಟ್ಟಾಗಿದೆ. ಕಾಲಿಗೆ ಹಗ್ಗ ಬಿಗೀರಿ.”

ವಾಸ್ತವ: ಮೆತ್ತೆಯಲ್ಲಿ ರಕ್ತನಾಳ ದಟ್ಟವಾಗಿರುವುದರಿಂದ ಸಣ್ಣ ಸೀಳಿಗೂ ರಕ್ತ ಧಾರಾಳವಾಗಿ ಬರುತ್ತದೆ. ಹಗ್ಗ ಬಿಗಿದರೆ ಪಾದಕ್ಕೆ ರಕ್ತವೇ ಹೋಗದೆ ಅಪಾಯವಾಗಬಹುದು. ಶುಭ್ರವಾದ ಬಟ್ಟೆಯನ್ನೋ ಬ್ಯಾಂಡೇಜಿನ ಗಾಜ್ ಬಟ್ಟೆಯನ್ನೋ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಐದರಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿದ್ದದ್ದೂ ಕಿತ್ತು ಬರುತ್ತದೆ. ಬಟ್ಟೆ ಒದ್ದೆಯಾದರೆ ತೆಗೆಯದೆ ಅದರ ಮೇಲೇ ಇನ್ನೊಂದನ್ನು ಇಟ್ಟು ಒತ್ತಿ. ಹೀಗೆ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ, ಒತ್ತಿ ಹಿಡಿದುಕೊಂಡೇ ಪಶುವೈದ್ಯರ ಬಳಿಗೆ ಹೊರಡಿ. ಗಾಜಿನ ಚೂರು ಆಳಕ್ಕೆ ಹೊಕ್ಕಿದ್ದರೆ ಮನೆಯಲ್ಲಿ ಕೀಳಬೇಡಿ, ಅದರ ಮೇಲೆ ಒತ್ತಲೂ ಬೇಡಿ.

ತಪ್ಪು ಕಲ್ಪನೆ 2: “ನಮ್ಮ ನಾಯಿ ನಮ್ಮನ್ನ ಕಚ್ಚಲ್ಲ.”

ವಾಸ್ತವ: ನೋವಿನಲ್ಲಿರುವ ನಾಯಿಗೆ ಯಜಮಾನನ ಕೈಯೂ ಕೈಯೇ. ಉದ್ದ ಮೂತಿಯ ನಾಯಿಯಾದರೆ ಬ್ಯಾಂಡೇಜ್ ಪಟ್ಟಿಯಿಂದ ಮೂತಿಗೊಂದು ಸುತ್ತು ಹಾಕಿ, ಗದ್ದದ ಕೆಳಗೆ ಗಂಟು ಹಾಕಿ, ತುದಿಗಳನ್ನು ಕಿವಿಯ ಹಿಂದೆ ಕಟ್ಟಬಹುದು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೂ, ವಾಂತಿ ಮಾಡುತ್ತಿರುವ ಅಥವಾ ಉಸಿರಾಟಕ್ಕೆ ಕಷ್ಟಪಡುತ್ತಿರುವ ನಾಯಿಗೂ ಬಾಯಿ ಕಟ್ಟಬಾರದು. ಕಚ್ಚಿದರೆ ಅಥವಾ ಹಲ್ಲು ತರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಈ ಭಾಗದವರಿಗೆ ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸಿ.ವಿ. ರಾಮನ್ ಸರ್ಕಾರಿ ಆಸ್ಪತ್ರೆಗಳು ಹತ್ತಿರ.

ತಪ್ಪು ಕಲ್ಪನೆ 3: “ಕಾಫಿಪುಡಿ ಒತ್ತಿದ್ರೆ ರಕ್ತ ನಿಲ್ಲುತ್ತೆ, ಅರಿಶಿನ ತುಂಬಿದ್ರೆ ವಾಸಿಯಾಗುತ್ತೆ, ಡೆಟಾಲ್ ಹಾಕಿದ್ರೆ ಕ್ಲೀನ್.”

ವಾಸ್ತವ: ಅರಿಶಿನದಲ್ಲಿ ಗುಣವಿಲ್ಲ ಎಂದಲ್ಲ, ಪುಡಿಯಾಗಿ ತುಂಬುವುದೇ ತೊಂದರೆ. ಅಡುಗೆಮನೆಯ ಯಾವ ಪುಡಿಯಾದರೂ ಸೀಳಿನೊಳಗೆ ಗಟ್ಟಿಯಾಗಿ ಕೂತು, ಮಣ್ಣನ್ನೂ ಗಾಜಿನ ಹರಳನ್ನೂ ತನ್ನ ಕೆಳಗೆ ಮುಚ್ಚಿಬಿಡುತ್ತದೆ. ಆಮೇಲೆ ವೈದ್ಯರು ಅದನ್ನು ಕೆರೆದು ತೆಗೆಯಬೇಕು, ನೋವು ಎರಡು ಪಟ್ಟು. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕ್ರಿಮಿಗಳ ಜೊತೆಗೆ ಗಾಯ ಕೂಡಿಸಲು ಬರುವ ಹೊಸ ಜೀವಕೋಶಗಳನ್ನೂ ಸುಡುತ್ತವೆ.

ಬೇಕಾದದ್ದು ನೀರು, ಅದೂ ಯಥೇಚ್ಛವಾಗಿ. ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಒಂದು ಚಮಚ ಉಪ್ಪು ಹಾಕಿದರೆ ಮನೆಯಲ್ಲೇ ಸಲೈನ್ ತಯಾರು. ಸೂಜಿ ತೆಗೆದ ದೊಡ್ಡ ಸಿರಿಂಜಿನಲ್ಲಿ ಅದನ್ನು ತುಂಬಿ ಸೀಳಿನೊಳಕ್ಕೆ ಮತ್ತೆ ಮತ್ತೆ ಚಿಮ್ಮಿಸಿ, ಬೆರಳ ಸಂದಿಗಳನ್ನೂ ತೊಳೆಯಿರಿ. ಆಮೇಲೆ ಬೇಕಿದ್ದರೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬಳಸಬಹುದು. ಬಾಟಲಿಯಿಂದ ನೇರವಾಗಿ ಸುರಿಯುವುದು ಬೇಡ.

ತಪ್ಪು ಕಲ್ಪನೆ 4: “ನಾಯಿ ನೆಕ್ಕಿಕೊಂಡ್ರೆ ಅದೇ ಔಷಧಿ.”

ವಾಸ್ತವ: ಬಹಳ ಹಳೆಯ ನಂಬಿಕೆ, ಕಿತ್ತುಹಾಕುವುದು ಕಷ್ಟ. ಜೊಲ್ಲಿನಲ್ಲಿ ಕ್ರಿಮಿಗಳನ್ನು ತಡೆಯುವ ಕೆಲವು ಅಂಶಗಳಿರುವುದು ನಿಜ, ಆದರೆ ಬಾಯಿಯ ಕ್ರಿಮಿಗಳೂ ಅದರೊಂದಿಗೇ ಬರುತ್ತವೆ. ಒರಟು ನಾಲಿಗೆ ಹೊಸ ಪದರವನ್ನು ಉಜ್ಜಿ ಕಿತ್ತು, ಗಾಯವನ್ನು ಸದಾ ಒದ್ದೆಯಾಗಿಡುತ್ತದೆ. ಹಲ್ಲಿಗೆ ಸಿಕ್ಕರೆ ಹೊಲಿಗೆಯೂ ಹೋಯಿತು. ಕೊರಳಿಗೆ ಹಾಕುವ ಕೋನ್ ನೋಡಿ ಪಾಪ ಅನ್ನಿಸುತ್ತದೆ, ಆದರೂ ರಾತ್ರಿ ಎಲ್ಲರೂ ಮಲಗಿದಾಗ ಕಾವಲು ಕಾಯುವುದು ಅದೊಂದೇ. ಅದರ ಅಂಚು ಮೂಗಿಗಿಂತ ಸ್ವಲ್ಪ ಮುಂದೆ ಚಾಚಿರಬೇಕು, ಗಿಡ್ಡವಾದರೆ ಹಾಕಿಯೂ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ 5: “ಒಂದ್ಸಲ ಬ್ಯಾಂಡೇಜ್ ಸುತ್ತಿದ್ರೆ ವಾರ ಬಿಟ್ಟು ಬಿಚ್ಚಿದ್ರೆ ಸಾಕು.”

ವಾಸ್ತವ: ಬ್ಯಾಂಡೇಜ್ ಕಟ್ಟುವುದು ಅರ್ಧ ಕೆಲಸ, ಅದನ್ನು ನೋಡಿಕೊಳ್ಳುವುದು ಉಳಿದರ್ಧ. ಕಟ್ಟುವ ಕ್ರಮ ಹೀಗೆ. ಗಾಯದ ಮೇಲೆ ಅಂಟಿಕೊಳ್ಳದ ಗಾಜ್. ಬೆರಳು ಬೆರಳಿನ ಸಂದಿಯಲ್ಲೂ ತೆಳುವಾಗಿ ಹತ್ತಿ, ಏಕೆಂದರೆ ಬೆವರು ಮೊದಲು ನಿಲ್ಲುವುದು ಅಲ್ಲೇ. ಆಮೇಲೆ ಪಾದದ ಸುತ್ತ ಹತ್ತಿಯ ಮೆತ್ತನೆಯ ಪದರ, ಅದರ ಮೇಲೆ ಗಾಜ್ ಸುರುಳಿ, ಕೊನೆಗೆ ಹಿಗ್ಗುವ ಪಟ್ಟಿ. ಸುತ್ತು ಬೆರಳ ಕಡೆಯಿಂದ ಶುರುವಾಗಿ ಮೇಲಕ್ಕೆ ಹೋಗಬೇಕು. ನಡುವಿನ ಎರಡು ಬೆರಳುಗಳ ಉಗುರಿನ ತುದಿ ಹೊರಗೆ ಕಾಣುತ್ತಿರಲಿ. ಮೇಲಂಚಿನಲ್ಲಿ ನಿಮ್ಮ ಒಂದು ಬೆರಳು ಸಲೀಸಾಗಿ ತೂರಬೇಕು.

ಹೊರಗೆ ಬಿಟ್ಟ ಆ ಎರಡು ಉಗುರುಗಳನ್ನು ದಿನಕ್ಕೆರಡು ಸಲ ನೋಡಿ. ಅವು ಒಂದರಿಂದೊಂದು ದೂರ ಸರಿದಿದ್ದರೆ ಒಳಗೆ ಊತ ಬಂದಿದೆ, ಕಟ್ಟು ಬಿಗಿಯಾಗಿದೆ ಎಂದರ್ಥ. ಬೆರಳ ತುದಿ ತಣ್ಣಗಿದ್ದರೆ, ಕೆಟ್ಟ ವಾಸನೆ ಬಂದರೆ, ನಾಯಿ ಇದ್ದಕ್ಕಿದ್ದಂತೆ ಬ್ಯಾಂಡೇಜನ್ನು ಕಚ್ಚತೊಡಗಿದರೆ ತಕ್ಷಣ ಬಿಚ್ಚಬೇಕು. ಮೊದಲ ದಿನಗಳಲ್ಲಿ ರಸ ಒಸರುತ್ತಿದ್ದರೆ ದಿನಾ ಬದಲಿಸಬೇಕು, ಆಮೇಲೆ ಎರಡು-ಮೂರು ದಿನಕ್ಕೊಮ್ಮೆ. ಒದ್ದೆಯಾದರೆ ಮಾತ್ರ ಸಂಜೆವರೆಗೂ ಕಾಯುವಂತಿಲ್ಲ. ಒದ್ದೆ ಬ್ಯಾಂಡೇಜ್ ಕೊಳಕು ನೀರನ್ನು ಹೀರಿ ಗಾಯಕ್ಕೇ ಒತ್ತಿ ಹಿಡಿಯುತ್ತದೆ. ಅದಕ್ಕಿಂತ ಬ್ಯಾಂಡೇಜ್ ಇಲ್ಲದಿರುವುದೇ ವಾಸಿ.

ಮಳೆಗಾಲಕ್ಕೆ ಪಶುವೈದ್ಯರ ಬಳಿ ಒಂದು ಉಪಾಯವಿದೆ: ಖಾಲಿಯಾದ ಡ್ರಿಪ್ ಚೀಲ. ದಪ್ಪ ಪ್ಲಾಸ್ಟಿಕ್, ಬೇಗ ಹರಿಯುವುದಿಲ್ಲ. ಒಂದು ಬದಿ ಕತ್ತರಿಸಿ, ಅಂಚಿನಲ್ಲಿ ತೂತು ಮಾಡಿ ಪಟ್ಟಿ ಪೋಣಿಸಿದರೆ ಪಾದಕ್ಕೆ ಬೂಟು ಸಿದ್ಧ. ಹೊರಗೆ ಹೋಗುವಾಗ ಹಾಕಿ, ಒಳಗೆ ಬಂದ ಕೂಡಲೇ ತೆಗೆಯಿರಿ. ನಂದಿನಿ ಹಾಲಿನ ಕವರೂ ಒಂದು ಸುತ್ತಿಗೆ ಆದೀತು. ಯಾವುದನ್ನೇ ಆಗಲಿ ತೆಗೆಯದೆ ಹಾಗೇ ಬಿಟ್ಟರೆ ಒಳಗಿನ ಬೆವರಿಗೇ ಪಾದ ನೆನೆದುಹೋಗುತ್ತದೆ.

ತಪ್ಪು ಕಲ್ಪನೆ 6: “ಹೊಲಿಗೆ ಹಾಕಿಸಿದ್ರೆ ಮುಗೀತು. ಇಲ್ಲಾಂದ್ರೆ ಫೆವಿಕ್ವಿಕ್ ಹಾಕಿ ಅಂಟಿಸಿ.”

ವಾಸ್ತವ: ಎಲ್ಲ ಸೀಳಿಗೂ ಹೊಲಿಗೆ ಬೇಕಿಲ್ಲ. ಮೇಲಿನ ಒರಟು ಚರ್ಮ ಮಾತ್ರ ಚಕ್ಕೆಯಾಗಿ ಎದ್ದಿದ್ದರೆ ವೈದ್ಯರು ಅದನ್ನು ಕತ್ತರಿಸಿ ತೆಗೆದು ಹೊಸದು ಬರಲು ಬಿಡುತ್ತಾರೆ. ಆಳಕ್ಕೆ ಇಳಿದ ಸೀಳಿಗೆ ಹೊಲಿಗೆ ಬೇಕು, ಗಾಯವಾದ ಕೆಲವೇ ಗಂಟೆಗಳಲ್ಲಿ ಹಾಕಿದರೆ ಒಳ್ಳೆಯದು. ತಡವಾಗಿ ಮಲಿನವಾದ ಗಾಯವನ್ನು ಹೊಲಿದು ಮುಚ್ಚಿದರೆ ಒಳಗೇ ಕೀವು ಕಟ್ಟಬಹುದು ಎಂದು ಎಷ್ಟೋ ಸಲ ತೆರೆದೇ ಬಿಟ್ಟು ಒಳಗಿನಿಂದ ತುಂಬಿಕೊಂಡು ಬರುವಂತೆ ನೋಡಿಕೊಳ್ಳುತ್ತಾರೆ. ಫೆವಿಕ್ವಿಕ್ ಮಾಡುವುದೂ ಇದೇ ಅನಾಹುತವನ್ನು: ಕೊಳೆಯನ್ನು ಒಳಗಿಟ್ಟು ಬಾಗಿಲು ಹಾಕುತ್ತದೆ.

ಮೈಭಾರ ಎಳೆಯುವುದರಿಂದ ಇಲ್ಲಿ ಹೊಲಿಗೆ ಬಿಟ್ಟುಕೊಳ್ಳುವುದೂ ಸುಲಭ. ಆದ್ದರಿಂದಲೇ ಬೇರೆಡೆಯ ಹೊಲಿಗೆಗಿಂತ ಹೆಚ್ಚು ದಿನ, ಸಾಮಾನ್ಯವಾಗಿ ಎರಡು-ಮೂರು ವಾರ, ಬಿಟ್ಟಿರುತ್ತಾರೆ. ಅಷ್ಟು ದಿನ ಮೆಟ್ಟಿಲು, ಸೋಫಾದಿಂದ ನೆಗೆತ, ಚೆಂಡಾಟ ಯಾವುದೂ ಇಲ್ಲ. ಉಚ್ಚೆ-ಕಕ್ಕಸಿಗೆ ಕೊರಳ ಪಟ್ಟಿ ಹಿಡಿದುಕೊಂಡೇ ಹೋಗಿ ಬರುವುದು, ಅಷ್ಟೆ. ಇನ್ನೊಂದು ಗುರುತು ನೆನಪಿರಲಿ: ನಿಂತಾಗ ಒಂದು ಬೆರಳಿನ ಉಗುರು ಮಾತ್ರ ನೆಲ ಬಿಟ್ಟು ಮೇಲಕ್ಕೆ ಮುಖ ಮಾಡಿದ್ದರೆ ಒಳಗಿನ ಸ್ನಾಯುರಜ್ಜು ಕತ್ತರಿಸಿರಬಹುದು. ಗಾಯ ಚಿಕ್ಕದಾಗಿ ಕಂಡರೂ ಅದು ಶಸ್ತ್ರಚಿಕಿತ್ಸೆಯ ಕೆಲಸ.

ತಪ್ಪು ಕಲ್ಪನೆ 7: “ನೋವಿಗೆ ಅರ್ಧ ಡೋಲೋ ಕೊಡಿ.”

ವಾಸ್ತವ: ಕೋವಿಡ್ ಕಾಲದಿಂದ ಮನೆಮಾತಾದ ಡೋಲೋ 650 ತಯಾರಿಸುವುದು ಬೆಂಗಳೂರಿನದೇ ಕಂಪನಿ, ಮೈಕ್ರೋ ಲ್ಯಾಬ್ಸ್. ಅದು ಮನುಷ್ಯರ ಮಾತ್ರೆ. ಅದರಲ್ಲಿರುವ ಪ್ಯಾರಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಯಕೃತ್ತು ಕೆಡುತ್ತದೆ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೂ ಕಳೆದುಕೊಳ್ಳಬಹುದು. ಬೆಕ್ಕಿಗಂತೂ ಒಂದು ಚೂರೂ ಸಲ್ಲದು. ಐಬುಪ್ರೊಫೇನ್ ಇನ್ನೂ ಅಪಾಯಕಾರಿ, ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೆ ಕೈ ಹಾಕುತ್ತದೆ. ನಾಯಿಗೆಂದೇ ನೋವುನಿವಾರಕಗಳಿವೆ, ಅವನ್ನು ತೂಕ ನೋಡಿ ಪಶುವೈದ್ಯರೇ ಬರೆದುಕೊಡಬೇಕು.

ತಪ್ಪು ಕಲ್ಪನೆ 8: “ಕಬ್ಬಿಣ ತಾಗಿದೆ, ಟಿಟಿ ಇಂಜೆಕ್ಷನ್ ಆಗ್ಲೇಬೇಕು.”

ವಾಸ್ತವ: ಧನುರ್ವಾಯುವನ್ನು ತಡೆದುಕೊಳ್ಳುವ ಶಕ್ತಿ ನಾಯಿಗೆ ಮನುಷ್ಯರಿಗಿಂತ, ಕುದುರೆಗಳಿಗಿಂತ ಬಹಳ ಹೆಚ್ಚು. ಅದಕ್ಕೇ ನಾಯಿಗಳಿಗೆ ಟಿಟಿ ಕೊಡುವ ರೂಢಿಯಿಲ್ಲ. ತಪ್ಪದೆ ನೋಡಬೇಕಾದದ್ದು ರೇಬೀಸ್ ಲಸಿಕೆಯ ಚೀಟಿ.

ತಪ್ಪು ಕಲ್ಪನೆ 9: “ಗಾಯ ಇದೆ, ಮೊಟ್ಟೆ-ಮಾಂಸ ಕೊಡ್ಬೇಡಿ, ನಂಜಾಗುತ್ತೆ.”

ವಾಸ್ತವ: ಹೊಸ ಮಾಂಸಖಂಡ, ಹೊಸ ಚರ್ಮ ಬೆಳೆಯುವುದೇ ಪ್ರೋಟೀನಿನಿಂದ. ಗಂಜಿ, ಹಾಲನ್ನದ ಪಥ್ಯದಲ್ಲಿಟ್ಟ ನಾಯಿಯ ಗಾಯ ಬೇಗ ಅಲ್ಲ, ತಡವಾಗಿ ಕೂಡುತ್ತದೆ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಧಾರಾಳವಾಗಿ ಕೊಡಿ. ಕೀವಾಗುವುದು ಕೊಳೆಯಿಂದ, ಊಟದಿಂದಲ್ಲ.

ತಪ್ಪು ಕಲ್ಪನೆ 10: “ಬೆಂಗಳೂರು ತಂಪು ಊರು, ಇಲ್ಲಿ ಕಾಲು ಸುಡಲ್ಲ.”

ವಾಸ್ತವ: 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ. ಅದು ನೆರಳಿನ ಗಾಳಿಯ ಲೆಕ್ಕ. ಬಿಸಿಲಿಗೆ ಬಿದ್ದ ಡಾಂಬರು ಅದಕ್ಕಿಂತ ಎಷ್ಟೋ ಬಿಸಿ. ಕೈಯ ಹಿಂಬದಿಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ, ತಡೆಯಲಾಗದಿದ್ದರೆ ನಾಯಿಗೂ ಆಗದು. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಬೇಗ, ಇಲ್ಲವೇ ಕತ್ತಲಾದ ಮೇಲೆ ಹೋಗುವುದು ಕ್ಷೇಮ. ಸುಟ್ಟ ಮೆತ್ತೆ ಕಪ್ಪಾಗಿ, ಬೊಬ್ಬೆ ಎದ್ದು, ಚರ್ಮ ಸುಲಿದು ಬರುತ್ತದೆ. ನಲ್ಲಿಯ ತಣ್ಣೀರು ಹತ್ತು ನಿಮಿಷ ಬಿಡಿ. ಮಂಜುಗಡ್ಡೆ ಇಡಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ.

ತಪ್ಪು ಕಲ್ಪನೆ 11: “ಕುಂಟೋದು ನಿಂತಿತು, ಇನ್ನು ಓಡ್ಲಿ ಬಿಡಿ.”

ವಾಸ್ತವ: ನೋವು ಮೊದಲು ಹೋಗುತ್ತದೆ, ಗಟ್ಟಿತನ ಆಮೇಲೆ ಬರುತ್ತದೆ. ಮೇಲ್ಪದರ ಮಾತ್ರ ಕಿತ್ತಿದ್ದರೆ ವಾರ-ಹತ್ತು ದಿನ ಬೇಕು. ಆಳದ ಸೀಳಾದರೆ ಮೂರು-ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಹೊಸದಾಗಿ ಬಂದ ಗುಲಾಬಿ ಬಣ್ಣದ ನುಣುಪು ಮೆತ್ತೆ ಕಾಂಕ್ರೀಟಿಗೆ ಇನ್ನೂ ತಯಾರಿಲ್ಲ. ಮೊದಲು ಮನೆಯೊಳಗೆ, ಆಮೇಲೆ ಹುಲ್ಲಿನ ಮೇಲೆ, ಕೊನೆಗೆ ರಸ್ತೆ. ದೂರವನ್ನೂ ಸ್ವಲ್ಪ ಸ್ವಲ್ಪವಾಗಿಯೇ ಹೆಚ್ಚಿಸಬೇಕು.

ತಪ್ಪು ಕಲ್ಪನೆ 12: “ಹುಳ ಬಿದ್ದಿದ್ರೆ ಪೆಟ್ರೋಲೋ ಫಿನಾಯಿಲೋ ಸುರೀರಿ.”

ವಾಸ್ತವ: ಎರಡೂ ಹಸಿ ಮಾಂಸವನ್ನು ಸುಡುತ್ತವೆ, ನೆಕ್ಕಿದರೆ ವಿಷ. ಹುಳದ ಗಾಯಕ್ಕೆಂದು ಅಂಗಡಿಯಲ್ಲಿ ಸಿಗುವ ಪುಡಿಗಳಲ್ಲೂ ಕೂಮಾಫಾಸ್, ಪ್ರೊಪಾಕ್ಸರ್‌ನಂಥ ಕೀಟನಾಶಕಗಳು ಇರುತ್ತವೆ. ಹುಳವಿಲ್ಲದ ಗಾಯಕ್ಕೆ ಅವನ್ನು ಉದುರಿಸುವ ಅಭ್ಯಾಸ ಒಳ್ಳೆಯದಲ್ಲ. ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆದು, ಒಳಗೆ ಎಷ್ಟು ಆಳಕ್ಕೆ ಕೊರೆದಿವೆ ಎಂದು ನೋಡಬೇಕಾದವರು ವೈದ್ಯರು.

ತಪ್ಪು ಕಲ್ಪನೆ 13: “ಬೀದಿ ನಾಯಿಗೆ ಬ್ಯಾಂಡೇಜ್ ಕಟ್ಟಿ ಬಿಟ್ರೆ ಪುಣ್ಯ ಬರುತ್ತೆ.”

ವಾಸ್ತವ: ಬಿಬಿಎಂಪಿಯ 2023ರ ಸಮೀಕ್ಷೆಯ ಪ್ರಕಾರ ನಗರದ ಬೀದಿಗಳಲ್ಲಿ ಸುಮಾರು 2.79 ಲಕ್ಷ ನಾಯಿಗಳಿದ್ದವು. ಅಂಥ ನಾಯಿಯ ಕಾಲಿಗೆ ಬಟ್ಟೆ ಸುತ್ತಿ ಕಳಿಸಿದರೆ ಅದು ಚರಂಡಿಯಲ್ಲಿ ನೆನೆಯುತ್ತದೆ, ಸಡಿಲವಾಗಿ ಜಾರಿ ಮೇಲೆ ಬಿಗಿಯುತ್ತದೆ. ಬಿಚ್ಚಬೇಕಾದಾಗ ನಾಯಿ ಕೈಗೆ ಸಿಗುವುದಿಲ್ಲ. ಆಳವಿಲ್ಲದ ಗಾಯವಾದರೆ ದಿನಾ ಊಟ ಹಾಕುವವರು ತೊಳೆದು ಗಮನಿಸಿದರೆ ಸಾಕು, ಕಟ್ಟುವ ಅಗತ್ಯವಿಲ್ಲ. ಆಳದ ಗಾಯವಾದರೆ ಆಸ್ಪತ್ರೆ ಬೇಕು. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಶಿವಾಜಿನಗರಕ್ಕೂ ಹಲಸೂರಿಗೂ ಹತ್ತಿರ. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 1991ರಿಂದ ನಗರದಲ್ಲಿ ಕೆಲಸ ಮಾಡುತ್ತಿರುವ ಕೂಪಾದಂಥ ಪ್ರಾಣಿದಯಾ ಸಂಸ್ಥೆಗಳಿವೆ.

ಅಲ್ಲಿ ಹೊಲಿಗೆ, ಔಷಧ ಸಿಗುತ್ತವೆ. ಆಮೇಲಿನ ಎರಡು-ಮೂರು ವಾರ ನಾಯಿಯನ್ನು ಒಣ ಜಾಗದಲ್ಲಿ ಇರಿಸಿಕೊಳ್ಳುವವರು ಸಿಗುವುದೇ ಕಷ್ಟ. ಒಂದು ಗ್ಯಾರೇಜ್ ಮೂಲೆ, ಒಂದು ಗೋಣಿಚೀಲ, ದಿನಕ್ಕೆರಡು ಸಲ ಬ್ಯಾಂಡೇಜ್ ನೋಡಲು ಸರದಿ ಹಾಕಿಕೊಂಡ ಎರಡು ಮನೆ ಇದ್ದರೆ ಸಾಕು. ಬೀದಿ ನಾಯಿಗೆ ನೆರವಾಗಬೇಕೆಂದಿರುವವರು ಗಾಜ್ ಪಟ್ಟಿ ಕೊಳ್ಳುವ ಮೊದಲು ಆ ಎರಡು ಮನೆಗಳನ್ನು ಹುಡುಕಲಿ.