ಡಿಸ್ಕಸ್ ಮೀನು ತರುವ ಮುಂಚೆ ಮನೆಯ ನೀರು ಅಳೆಯಿರಿ

ಮೀನು ಅಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಮೊದಲು ನೆನಪಾಗುವುದು ಬಂಗುಡೆ, ಬೂತಾಯಿ. ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುವ ಮೀನಿಗಾಗಿ ಬೇಲೂರಿನಲ್ಲೂ ಅರಸೀಕೆರೆಯಲ್ಲೂ ಕಾಯುವವರು ನಾವು. ಈಗಿನ ಮಕ್ಕಳಿಗೆ ಮೀನು ಸಾರಿನಲ್ಲಿದ್ದರೆ ಸಾಲದು, ಹಾಲ್‌ನಲ್ಲಿ ಗಾಜಿನ ತೊಟ್ಟಿಯಲ್ಲೂ ಇರಬೇಕು. ಬೆಂಗಳೂರಿಗೋ ಮಂಗಳೂರಿಗೋ ಹೋದಾಗ ಅಕ್ವೇರಿಯಂ ಅಂಗಡಿಯಲ್ಲಿ ಡಿಸ್ಕಸ್ ನೋಡಿದರೆ ಮುಗಿಯಿತು. ತಟ್ಟೆಯಂತೆ ಗುಂಡಗೆ, ಚಪ್ಪಟೆಯಾಗಿ, ಕೆಂಪು, ನೀಲಿ, ಹಳದಿ ಬಣ್ಣದಲ್ಲಿ ನಿಧಾನಕ್ಕೆ ತೇಲುವ ಮೀನು. "ಉಮ್ಮಾ, ನನಗೆ ಆ ತಟ್ಟೆ ಮೀನೇ ಬೇಕು" ಅಂತ ಹಟ ಶುರು.

ಕೊಡಿಸಬಾರದು ಅಂತ ಹೇಳಲು ಈ ಲೇಖನ ಬರೆಯುತ್ತಿಲ್ಲ. ಆದರೆ ಒಂದೊಂದು ಮರಿಗೆ ನೂರಾರು ರೂಪಾಯಿ ಕೊಟ್ಟು, ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮನೆಗೆ ತಂದು, ವಾರ ಕಳೆಯುವುದರೊಳಗೆ ಒಂದೊಂದಾಗಿ ಸತ್ತದ್ದನ್ನು ಎತ್ತಿ ಹಾಕುವುದು ಬಹಳ ಮನೆಗಳಲ್ಲಿ ನಡೆಯುವ ಕಥೆ. ಮಕ್ಕಳು ಅಳುತ್ತವೆ, ದೊಡ್ಡವರು ಅಂಗಡಿಯವನನ್ನು ಬಯ್ಯುತ್ತಾರೆ. ಹೆಚ್ಚಿನ ಸಲ ಮೀನಿನಲ್ಲಿ ದೋಷ ಇರುವುದೇ ಇಲ್ಲ, ನೀರಿನಲ್ಲಿ ಇರುತ್ತದೆ.

ಡಿಸ್ಕಸ್‌ನ ಊರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಬಯಲು. ಹೆಕೆಲ್ ಎಂಬ ವಿಜ್ಞಾನಿ 1840ರಲ್ಲಿ ಇದನ್ನು ಗುರುತಿಸಿ ಸಿಂಫೈಸೊಡಾನ್ ಡಿಸ್ಕಸ್ ಎಂದು ಹೆಸರಿಟ್ಟ. ಅಲ್ಲಿನ ನೀರು ಮಳೆನೀರಿನಷ್ಟು ಮೆದು, ಎಲೆ ಕೊಳೆತು ಸ್ವಲ್ಪ ಹುಳಿ, ವರ್ಷವಿಡೀ ಬೆಚ್ಚಗೆ. ನಮ್ಮ ಅಂಗಡಿಗಳಿಗೆ ಬರುವ ಡಿಸ್ಕಸ್ ಆ ಕಾಡಿನಿಂದ ಬಂದದ್ದಲ್ಲ. ಥಾಯ್ಲೆಂಡ್, ಮಲೇಷ್ಯಾದಲ್ಲಿ ತಳಿ ಮಾಡಿದ್ದು, ಇಲ್ಲವೇ ಚೆನ್ನೈನ ಕೊಳತ್ತೂರಿನಂಥ ಕಡೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಹಾಗಾಗಿ ಕಾಡಿನ ಮೀನಿನಷ್ಟು ನಾಜೂಕಲ್ಲ. ಹಾಗಂತ ಯಾವ ನೀರು ಹಾಕಿದರೂ ನಡೆಯುತ್ತದೆ ಅಂತಲೂ ಅಲ್ಲ.

ಮೂರು ಊರು, ಮೂರು ಥರದ ನೀರು

ನಮ್ಮ ಮೂರೂ ಊರುಗಳು ನೀರಿನ ಜೊತೆಗೇ ಬೆಳೆದವು. ಅರಸೀಕೆರೆ ಅಂದರೆ ಅರಸಿಯ ಕೆರೆ. ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಬೇಲೂರು ಯಗಚಿ ದಂಡೆಯಲ್ಲಿದೆ. ಆದರೆ ಇವತ್ತು ಅಡುಗೆಮನೆಗೆ ಬರುವ ನೀರು ಬೀದಿಯಿಂದ ಬೀದಿಗೇ ಬೇರೆ.

ಅರಸೀಕೆರೆ ಕಡೆ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಸೋಪು ಸರಿಯಾಗಿ ನೊರೆ ಬರುವುದಿಲ್ಲ, ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ನಲ್ಲಿ ಬಾಯಿ ಕಟ್ಟಿಕೊಳ್ಳುತ್ತದೆ. ಮನೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಲೂರು ಅರೆಮಲೆನಾಡು, ಮಳೆ ಹೆಚ್ಚು. ನದಿಯಿಂದ ಬರುವ ನೀರು ಸಾಮಾನ್ಯವಾಗಿ ಬೋರ್‌ವೆಲ್ ನೀರಿಗಿಂತ ಮೆದು. ಹಳೇಬೀಡು ಇವೆರಡರ ನಡುವೆ. ಒಂದೇ ಬೀದಿಯ ಎರಡು ಬೋರ್‌ವೆಲ್‌ಗಳಲ್ಲಿ ಎರಡು ಥರದ ನೀರು ಬಂದರೂ ಬರಬಹುದು.

ಅಂದಾಜು ಬೇಡ, ಅಳೆಯಿರಿ. ಆರ್‌ಒ ಫಿಲ್ಟರ್ ರಿಪೇರಿಗೆ ಬರುವ ಹುಡುಗನ ಕಿಸೆಯಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್ ಇರುತ್ತದೆ. ನೀರಿನಲ್ಲಿ ಕರಗಿರುವ ಲವಣದ ಒಟ್ಟು ಪ್ರಮಾಣವನ್ನು ಅದು ತೋರಿಸುತ್ತದೆ. ತೊಟ್ಟಿಯಲ್ಲಿ ಹುಟ್ಟಿದ ಡಿಸ್ಕಸ್‌ಗೆ 100ರಿಂದ 250 ಇದ್ದರೆ ಆರಾಮ, 300 ಬಂದರೂ ಹೊಂದಿಕೊಳ್ಳುತ್ತದೆ. ಒಣ ಸೀಮೆಯ ಬೋರ್‌ವೆಲ್ ನೀರು 500 ದಾಟುವುದು ಅಪರೂಪವೇನಲ್ಲ. 800 ಬಂತು ಅಂತಿಟ್ಟುಕೊಳ್ಳಿ. ಆ ನೀರು ಒಂದು ಕೊಡಕ್ಕೆ ಮೂರು ಕೊಡ ಆರ್‌ಒ ನೀರು ಬೆರೆಸಿದರೆ 220ರ ಸುಮಾರಿಗೆ ಬರುತ್ತದೆ. ಬರೀ ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಮೀನಿಗೆ ಬೇಕಾದ ಲವಣವೂ ಇರುವುದಿಲ್ಲ, ಹುಳಿಯ ಮಟ್ಟವೂ ನಿಲ್ಲುವುದಿಲ್ಲ. ಪಿಎಚ್ 6ರಿಂದ 7.5ರ ಒಳಗೆ ಎಲ್ಲಿದ್ದರೂ ಆದೀತು, ದಿನಕ್ಕೊಂದು ಥರ ಬದಲಾಗಬಾರದು. ಅದನ್ನು ಇಳಿಸಲು ಏರಿಸಲು ಅಂಗಡಿಯವರು ಕೊಡುವ ಬಾಟಲಿಗಳು ಹೊಸಬರಿಗೆ ಬೇಡವೇ ಬೇಡ.

ಇಲ್ಲೇ ಒಂದು ಕಷ್ಟದ ಲೆಕ್ಕ ಇದೆ. ಡಿಸ್ಕಸ್ ಮರಿಗಳ ತೊಟ್ಟಿಯಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಮೂರನೇ ಒಂದು ಭಾಗ ನೀರು ಬದಲಿಸಬೇಕು. ಸುಮಾರು 240 ಲೀಟರ್ ತೊಟ್ಟಿಗೆ ಒಂದು ಸಲಕ್ಕೆ 80 ಲೀಟರ್. ಅದರಲ್ಲಿ 60 ಲೀಟರ್ ಆರ್‌ಒ ನೀರು ಅಂದರೆ, ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುವುದರಿಂದ, ಇನ್ನೂ 120ರಿಂದ 180 ಲೀಟರ್ ಮೋರಿಗೆ. ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುವ ಮನೆಯಲ್ಲಿ ಇದು ನ್ಯಾಯವೇ? ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಮೀನಿಗೆ ನೀರು ತರುವವರೂ ಇದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಕೊಡ ಹಿಡಿದು ಸಾಲು ನಿಂತವರ ಮುಂದೆ ಅದು ಸರಿ ಕಾಣುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ದಾರಿ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ತಾರಸಿ ನೀರನ್ನು ಸಿಂಟೆಕ್ಸ್ ಟ್ಯಾಂಕಿಗೆ ಹಿಡಿದಿಟ್ಟರೆ ಆರ್‌ಒ ನೀರಿನ ಬದಲು ಅದನ್ನೇ ಬೆರೆಸಬಹುದು. ಮೊದಲ ಮಳೆ ಪೂರ್ತಿ ಬಿಟ್ಟುಬಿಡಿ, ಆಮೇಲೂ ಪ್ರತಿ ಸಲ ಮೊದಲ ಕಾಲು ಗಂಟೆ ನೀರು ಬೇಡ, ಬಟ್ಟೆಯಲ್ಲಿ ಸೋಸಿ ಹಿಡಿಯಿರಿ. ತಗಡು ಶೀಟಿನ ಮಾಡಿನ ನೀರು ಮೀನಿಗೆ ಆಗದು, ಅದರ ಸತು ವಿಷ. ತೊಟ್ಟಿಯಿಂದ ತೆಗೆದ ಹಳೆ ನೀರನ್ನು ಚೆಲ್ಲಬೇಡಿ, ಅದರಲ್ಲಿ ಗಿಡಕ್ಕೆ ಬೇಕಾದ ಗೊಬ್ಬರ ಇರುತ್ತದೆ. ಅರಸೀಕೆರೆಯವರಿಗೆ ತೆಂಗಿನ ಬುಡ ಹುಡುಕಿಕೊಂಡು ಹೋಗಬೇಕಾಗಿಲ್ಲವಲ್ಲ.

ಇದೆಲ್ಲ ಆಗದ ಮಾತು ಅನ್ನಿಸಿದರೆ ಬೇಜಾರು ಬೇಡ. ಮೋಲಿ, ಪ್ಲಾಟಿ, ಗಪ್ಪಿ ಮೀನುಗಳಿಗೆ ಗಡಸು ನೀರೇ ಇಷ್ಟ. 800 ಟಿಡಿಎಸ್ ನೀರಿನ ಮನೆಗೆ ಅವೇ ಸರಿ, ಮಕ್ಕಳ ಕಣ್ಣೆದುರೇ ಮರಿಯನ್ನೂ ಹಾಕುತ್ತವೆ.

ತೊಟ್ಟಿ, ಹೀಟರ್, ಕರೆಂಟ್ ಬಿಲ್

ಡಿಸ್ಕಸ್ ಒಂಟಿ ಇರುವ ಮೀನಲ್ಲ. ಎರಡೇ ತಂದರೆ ದೊಡ್ಡದು ಚಿಕ್ಕದನ್ನು ಮೂಲೆಗಟ್ಟಿ ಉಪವಾಸ ಕೆಡವುತ್ತದೆ. ಐದಾರು ಒಟ್ಟಿಗೆ ಬೇಕು. ಬೆಳೆದ ಮೀನು ಆರಿಂಚು ಅಗಲ ಆಗುತ್ತದೆ, ಒಂದಕ್ಕೆ 40 ಲೀಟರ್ ಅಂತ ಲೆಕ್ಕ ಹಿಡಿಯಿರಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸಾಕು. ಅಂಚಿನವರೆಗೆ ತುಂಬಿದರೆ 250 ಲೀಟರ್ ಚಿಲ್ಲರೆ. ಗಾಜು, ಸ್ಟ್ಯಾಂಡ್ ಸೇರಿ ಮುನ್ನೂರು ಕೆ.ಜಿ. ದಾಟುತ್ತದೆ, ಟಿ.ವಿ. ಸ್ಟ್ಯಾಂಡ್ ಮೇಲೆ ಇಡುವ ವಸ್ತುವಲ್ಲ. ಗಟ್ಟಿ ನೆಲದ ಮೇಲೆ, ಗೋಡೆಗೆ ಹತ್ತಿರ, ಕಿಟಕಿಯ ಬಿಸಿಲು ಬೀಳದ ಕಡೆ ಇಟ್ಟು, ಅಡಿಯಲ್ಲಿ ಥರ್ಮೋಕೋಲ್ ಹಾಳೆ ಹಾಸಿ. ಕಲ್ಲು, ಮರಳು, ಪ್ಲಾಸ್ಟಿಕ್ ಗಿಡ ಏನೂ ಬೇಡ. ತಳ ಬರಿದಾಗಿದ್ದರೆ ಉಳಿದ ಆಹಾರ ಕಾಣುತ್ತದೆ, ಪೈಪ್ ಹಾಕಿ ಎಳೆಯಬಹುದು. ನೋಡಲು ಬೋಳು ಅನ್ನಿಸುತ್ತದೆ, ಮೀನು ಬಂದ ಮೇಲೆ ತಳ ಯಾರು ನೋಡುತ್ತಾರೆ!

ನೀರು 28ರಿಂದ 30 ಡಿಗ್ರಿ ಇರಬೇಕು. ಡಿಸೆಂಬರ್, ಜನವರಿಯ ರಾತ್ರಿ ನಮ್ಮ ಕಡೆ ಹೊರಗಿನ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹೀಟರ್ ಇಲ್ಲದೆ ಡಿಸ್ಕಸ್ ಇಲ್ಲ. 300 ವ್ಯಾಟ್‌ನ ಒಂದರ ಬದಲು 150 ವ್ಯಾಟ್‌ನ ಎರಡು ಹಾಕಿ. ಒಂದು ಕೆಟ್ಟು ನಿಂತರೆ ಇನ್ನೊಂದು ಕಾಯುತ್ತದೆ, ಒಂದು ಆಫ್ ಆಗದೆ ಉಳಿದರೂ ಮೀನು ಬೇಯುವುದಿಲ್ಲ. ನೀರು ತೆಗೆಯುವ ಮುಂಚೆ ಹೀಟರ್ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಗಾಜು ಸಿಡಿಯುತ್ತದೆ. ಪ್ಲಗ್ ಕೀಳದೆ ನೀರಿಗೆ ಕೈ ಹಾಕಬಾರದು ಅಂತ ಮಕ್ಕಳಿಗೆ ಗಟ್ಟಿಯಾಗಿ ಹೇಳಿ.

ಚಳಿಗಾಲದಲ್ಲಿ ದಿನಕ್ಕೆ ಮೂರು ಯೂನಿಟ್ ಅಂತ ಹಿಡಿದರೂ ತಿಂಗಳಿಗೆ 90 ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ಉಚಿತ ಸಿಗುವುದು ನಿಮ್ಮ ಹಳೆಯ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಅದರ ಮೇಲಿನದ್ದಕ್ಕೆ ದುಡ್ಡು ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ತೊಟ್ಟಿಯ ಹಿಂದೆ, ಪಕ್ಕ ಥರ್ಮೋಕೋಲ್ ಅಂಟಿಸಿ ಮೇಲೆ ಮುಚ್ಚಳ ಹಾಕಿದರೆ ಶಾಖ ಉಳಿದು ಖರ್ಚು ಕಡಿಮೆಯಾಗುತ್ತದೆ. ಕರೆಂಟ್ ಹೋದಾಗ ಹೀಟರ್‌ಗಿಂತ ಗಾಳಿ ಮುಖ್ಯ. ಅಷ್ಟು ನೀರು ಬೇಗ ತಣ್ಣಗಾಗುವುದಿಲ್ಲ, ಕಂಬಳಿ ಹೊದಿಸಿದರೆ ಇನ್ನೂ ತಡ. ಏರ್ ಪಂಪನ್ನು ಇನ್ವರ್ಟರ್‌ಗೆ ಕೊಡಿ, ಇಲ್ಲವೇ ಬ್ಯಾಟರಿ ಪಂಪ್ ಒಂದಿರಲಿ.

ಆರು ವಾರ ಮೀನಿಲ್ಲದ ತೊಟ್ಟಿ

ಎಲ್ಲರೂ ಎಡವುವ ಜಾಗ ಇದು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಅಪಾಯವಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತೊಟ್ಟಿ ತುಂಬಿಸಿ, ಎರಡು ಸ್ಪಂಜ್ ಫಿಲ್ಟರ್ ಮತ್ತು ಹೀಟರ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಲ್ಲಿ ಆಹಾರ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ನೈಟ್ರೇಟ್ ಕಂಡರೆ ತೊಟ್ಟಿ ತಯಾರು. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ಮೀನು ತನ್ನಿ. ಗೊತ್ತಿರುವವರ ಆರೋಗ್ಯವಂತ ತೊಟ್ಟಿಯ ಹಳೆ ಸ್ಪಂಜ್ ಸಿಕ್ಕರೆ ಬೇಗ ಆಗುತ್ತದೆ. ಸ್ಪಂಜ್ ತೊಳೆಯುವುದು ತೊಟ್ಟಿಯಿಂದ ತೆಗೆದ ನೀರಿನಲ್ಲೇ. ನಲ್ಲಿ ಕೆಳಗೆ ಹಿಡಿದರೆ ಬ್ಲೀಚಿಂಗ್ ಪೌಡರ್‌ಗೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಒಂದರಿಂದ ಎಣಿಸಬೇಕು. ಅದೇ ಕಾರಣಕ್ಕೆ ನಲ್ಲಿ ನೀರನ್ನು ಒಂದು ದಿನ ಡ್ರಮ್ಮಿನಲ್ಲಿ ಗಾಳಿ ಬಿಟ್ಟು ಇಟ್ಟೇ ತೊಟ್ಟಿಗೆ ಹಾಕಬೇಕು.

ಖಾಲಿ ತೊಟ್ಟಿ ನೋಡಿ ಮಕ್ಕಳು ಕಾಟ ಕೊಡುತ್ತವೆ, ನೆಂಟರು ನಗುತ್ತಾರೆ. ನಗಲಿ ಬಿಡಿ.

ಕೊಳ್ಳುವಾಗ ಮೂರಿಂಚಿನ ಸುಮಾರಿನ ಮರಿಗಳನ್ನು ಒಂದೇ ಅಂಗಡಿಯಿಂದ, ಒಂದೇ ಸಲ ತನ್ನಿ. ಅಂಗಡಿಯವನಿಗೆ "ಒಂಚೂರು ಆಹಾರ ಹಾಕಿ ನೋಡೋಣ" ಅನ್ನಿ. ತಿನ್ನಲು ಮುಂದೆ ಬರುವುದೇ ಒಳ್ಳೆಯ ಮೀನು. ಮೈ ಕಪ್ಪಾಗಿ ಮೂಲೆ ಹಿಡಿದದ್ದು, ಬಿಳಿ ದಾರದಂಥ ಮಲ ಹಾಕುವುದು, ಮೈಗಿಂತ ಕಣ್ಣೇ ದೊಡ್ಡದಾಗಿ ಕಾಣುವುದು ಬೇಡ. ಕಣ್ಣು ದೊಡ್ಡದಾಗಿ ಕಂಡರೆ ಸರಿಯಾಗಿ ತಿನ್ನದೆ ಬೆಳವಣಿಗೆ ನಿಂತ ಮೀನು ಅಂತ ಅರ್ಥ. ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ತರುವುದು ಸುಲಭ. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಬೇಲೂರಿಗೆ ಬರುವವರು ಥರ್ಮೋಕೋಲ್ ಡಬ್ಬದಲ್ಲಿ, ಆಮ್ಲಜನಕ ತುಂಬಿಸಿದ ಚೀಲದಲ್ಲೇ ತನ್ನಿ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ಡಬ್ಬ ತೆರೆದು ನೆಂಟರಿಗೆ ತೋರಿಸುವುದು ಬೇಡ, ಅಲ್ಲಿನ ಚಳಿ ಅವಕ್ಕೆ ಆಗದು.

ಆಹಾರ ದಿನಕ್ಕೆ ನಾಲ್ಕೈದು ಸಲ, ಐದು ನಿಮಿಷದಲ್ಲಿ ಮುಗಿಯುವಷ್ಟೇ. ಕಾಳಿನ ಆಹಾರದ ಜೊತೆಗೆ ನಮ್ಮ ಅಡುಗೆಮನೆಯ ಸಿಗಡಿಯೂ ಆಗುತ್ತದೆ. ಸಿಪ್ಪೆ, ನರ ತೆಗೆದು, ಉಪ್ಪು ಖಾರ ಸೋಕಿಸದೆ, ಸ್ವಲ್ಪ ಪಾಲಕ್ ಸೇರಿಸಿ ಅರೆದು, ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಡಿ, ಚೂರು ಚೂರು ಮುರಿದು ಹಾಕಿ. ಹೊರದೇಶದ ಪುಸ್ತಕಗಳಲ್ಲಿ ದನದ ಹೃದಯದ ಮಾಂಸ ಅಂತ ಬರೆದಿರುತ್ತದೆ. ಅದು ನೀರನ್ನು ಬೇಗ ಕೆಡಿಸುತ್ತದೆ, ಹೊಸಬರಿಗೆ ಬೇಡ. ಮೋರಿಯಲ್ಲಿ ಹಿಡಿದ ಜೀವಂತ ಹುಳ ಯಾವತ್ತೂ ಬೇಡ.

ಇಷ್ಟು ಕಷ್ಟಕ್ಕೆ ಸಿಗುವುದೇನು ಅಂದರೆ, ಈ ಮೀನು ನಿಮ್ಮನ್ನು ಗುರುತಿಸುತ್ತದೆ, ಹತ್ತಿರ ಹೋದರೆ ಗಾಜಿಗೆ ಬಂದು ನಿಲ್ಲುತ್ತದೆ. ವರ್ಷ ಕಳೆದು ಜೋಡಿಯಾಗಿ ಮೊಟ್ಟೆ ಇಟ್ಟು ಮರಿಯಾದರೆ ಇನ್ನೊಂದು ವಿಸ್ಮಯ ಇದೆ. ತಂದೆ ತಾಯಿ ಇಬ್ಬರ ಮೈಯಲ್ಲೂ ಒಂದು ಲೋಳೆ ಒಸರುತ್ತದೆ, ಮರಿಗಳು ಮೈಗೆ ಅಂಟಿಕೊಂಡು ಅದನ್ನೇ ತಿಂದು ಬೆಳೆಯುತ್ತವೆ. ಮೊಟ್ಟೆ ಇಡುವ ಕಾಲಕ್ಕೆ ಆ ಲೋಳೆಯಲ್ಲಿ ಪ್ರೋಟೀನು, ರೋಗ ತಡೆಯುವ ಅಂಶ ಹೆಚ್ಚುತ್ತದೆ ಎಂದು ಇಂಗ್ಲೆಂಡ್ ಮತ್ತು ಬ್ರೆಜಿಲ್‌ನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಎರಡು ಮೂರು ವಾರ ಕಳೆದರೆ ತಂದೆ ತಾಯಿ ಮೆಲ್ಲನೆ ದೂರ ಸರಿದು ಆ ಹಾಲು ಬಿಡಿಸುತ್ತವೆ. ಮನೆಯ ಉಮ್ಮಂದಿರು ಇದನ್ನು ನಿಂತು ನೋಡುತ್ತಾರೆ. ಗಡಸು ನೀರಿನಲ್ಲಿ ಮಾತ್ರ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ, ಅದಕ್ಕೆ ಮಳೆನೀರಿನಷ್ಟು ಮೆದು ನೀರೇ ಬೇಕು.

ಸಾಕಲು ಆಗದೆ ಹೋದರೆ ಮೀನನ್ನು ಅಂಗಡಿಗೋ ಸಾಕುವ ಇನ್ನೊಬ್ಬರಿಗೋ ಕೊಡಿ. ಪುಣ್ಯ ಅಂದುಕೊಂಡು ಹಳೇಬೀಡಿನ ಕೆರೆಗೋ ಯಗಚಿಗೋ ಬಿಡಬೇಡಿ. ಡಿಸ್ಕಸ್ ಆದರೆ ಚಳಿಗೆ ಸಾಯುತ್ತದೆ. ತೊಟ್ಟಿ ಸ್ವಚ್ಛ ಮಾಡುತ್ತದೆ ಅಂತ ಜೊತೆಗೆ ಮಾರುವ ಸಕ್ಕರ್ ಮೀನು ಸಾಯುವುದಿಲ್ಲ, ಕೆರೆಯಲ್ಲಿ ಹೆಚ್ಚಿ ನಮ್ಮ ಮೀನುಗಾರರ ಬಲೆ ಹರಿಯುತ್ತದೆ.

ಮದುವೆ, ಮೌಲೂದ್ ಅಂತ ಎರಡು ಮೂರು ದಿನ ಊರಿಗೆ ಹೋಗುವುದಿದ್ದರೆ ಬೆಳೆದ ಮೀನುಗಳನ್ನು ಉಪವಾಸ ಬಿಟ್ಟೇ ಹೋಗಿ, ಏನೂ ಆಗುವುದಿಲ್ಲ. ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬ ಕೊಟ್ಟರೇ ಅಪಾಯ. ಪ್ರೀತಿಯಿಂದ ಅರ್ಧ ಡಬ್ಬ ಸುರಿದಿರುತ್ತಾರೆ.