ಬಾದಾಮಿಯ ಅರಸರೂ ನೀರ ನಡುವಿನ ಕೋಟೆಗಳೂ

ಐಹೊಳೆಯ ಮೇಗುತಿ ಗುಡ್ಡದ ಮೇಲಿನ ಜಿನಾಲಯದ ಮೂಡಣ ಗೋಡೆಯಲ್ಲಿ ಹತ್ತೊಂಬತ್ತು ಸಾಲುಗಳ ಒಂದು ಸಂಸ್ಕೃತ ಶಾಸನವಿರುವುದು. ಶಕ 556ರಲ್ಲಿ, ಅಂದರೆ ಕ್ರಿ. ಶ. 634ರಲ್ಲಿ, ರವಿಕೀರ್ತಿಯೆಂಬ ಕವಿಯು ಇದನ್ನು ರಚಿಸಿ, ತನ್ನ ಒಡೆಯನಾದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನೂ, ಕಾಳಿದಾಸ ಭಾರವಿಗಳಿಗೆ ತಾನು ಸಮನೆಂಬ ತನ್ನ ಹೆಮ್ಮೆಯನ್ನೂ ಒಟ್ಟಿಗೆ ಕಲ್ಲಿನಲ್ಲಿ ನಿಲ್ಲಿಸಿರುವನು. ಈ ಶಾಸನದಿಂದ ಹರ್ಷವರ್ಧನನ ಸೋಲೊಂದನ್ನೇ ಆಯ್ದು ಮಕ್ಕಳಿಗೆ ಹೇಳುವುದು ನಮ್ಮ ಶಾಲೆಗಳ ವಾಡಿಕೆ. ಆದರೆ ಅದೇ ಕಲ್ಲಿನಲ್ಲಿ ಎರಡು ಕಡೆ ಕಡಲಿನ ಸುದ್ದಿ ಬಂದಿರುವುದನ್ನು ವಾಚಕರು ಗಮನಿಸಬೇಕೆಂದು ನನ್ನ ಬಿನ್ನಹ.

ಮೊದಲನೆಯದು ಪುಲಕೇಶಿಯ ಚಿಕ್ಕಪ್ಪನಾದ ಮಂಗಲೇಶನ ರೇವತೀದ್ವೀಪದ ಮುತ್ತಿಗೆ. ಅವನ ದಂಡು ದ್ವೀಪದ ಕೋಟೆಯ ಗೋಡೆಗಳನ್ನು ಏರಿದಾಗ, ಬಾವುಟಗಳೊಡನೆ ಅದರ ನೆರಳು ಸಮುದ್ರದಲ್ಲಿ ಬಿದ್ದು, ವರುಣನ ಸೈನ್ಯವೇ ಅರಸನ ಆಜ್ಞೆಗೆ ಓಗೊಟ್ಟು ಬಂದಂತೆ ಕಂಡಿತೆಂದು ಕವಿಯು ವರ್ಣಿಸಿರುವನು. ಎರಡನೆಯದು ಸ್ವತಃ ಪುಲಕೇಶಿಯು ಕೊಂಕಣದ ಮೌರ್ಯರನ್ನು ಅಡಗಿಸಿದ ತರುವಾಯ ಅವರ ಪುರಿಯೆಂಬ ಪಟ್ಟಣವನ್ನು ಮುತ್ತಿದ್ದು. ಮದಗಜಗಳ ಸಾಲಿನಂತಿದ್ದ ನೂರಾರು ಹಡಗುಗಳು ಆ ಮುತ್ತಿಗೆಯಲ್ಲಿ ಇದ್ದುವಂತೆ. ಆನೆಯನ್ನಲ್ಲದೆ ಹಡಗನ್ನು ದಿನವೂ ಕಾಣದ ನಾಡಿನ ಕವಿಗೆ ಬೇರೆ ಉಪಮೆ ಹೊಳೆಯುವುದಾದರೂ ಹೇಗೆ!

ರೇವತೀದ್ವೀಪವೆಂದರೆ ವೆಂಗುರ್ಲೆಯ ದಕ್ಷಿಣಕ್ಕಿರುವ ಇಂದಿನ ರೇಡಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಪುರಿಯು ಮುಂಬಯಿಯ ಎದುರಿನ ಘಾರಾಪುರಿಯೆಂದು ಕೆಲವರೂ, ಜಂಜೀರದ ಬಳಿಯ ರಾಜಪುರಿಯೆಂದು ಕೆಲವರೂ ಹೇಳುವರು. ಅದು ಹೇಗಾದರೂ ಇರಲಿ. ಬಾದಾಮಿಯಿಂದ ರೇಡಿಗೆ ನೂಲು ಹಿಡಿದು ಅಳೆದರೂ ಸುಮಾರು 130 ಮೈಲು, ನಡುವೆ ಸಹ್ಯಾದ್ರಿ. ಮಳೆಗಾಗಿ ಮುಗಿಲು ನೋಡುವ, ಮಲಪ್ರಭೆಯೊಂದನ್ನೇ ದೊಡ್ಡ ನೀರೆಂದು ಬಲ್ಲ ನಮ್ಮ ಸೀಮೆಯ ಅರಸರು ಅಷ್ಟು ದೂರದ ಉಪ್ಪುನೀರಿನ ನಡುಗಡ್ಡೆಗೆ ಏಕೆ ಆಸೆಪಟ್ಟರು?

ಆ ನೆಲಕ್ಕಾಗಿ ಅಲ್ಲವೆಂಬುದು ಸ್ಪಷ್ಟ. ಅಲ್ಲಿ ಬೆಳೆಯುವುದು ಅಲ್ಪ, ಇರುವ ಜನ ಅಲ್ಪ. ಆದರೆ ಕೊಂಕಣದ ಕರಾವಳಿಯು ಖಾರಿಗಳಿಂದ ಸೀಳಿಹೋಗಿರುವುದು. ಹಡಗುಗಳು ಗಾಳಿಗೆ ಅಂಜಿ ನಿಲ್ಲುವುದು ಈ ಖಾರಿಗಳ ಬಾಯಿಯಲ್ಲಿ. ಸರಕು ಇಳಿದು ಘಟ್ಟವನ್ನು ಏರುವುದೂ ಅಲ್ಲಿಂದಲೇ. ಖಾರಿಯ ಬಾಯಲ್ಲಿ ಕೋಟೆಯಿದ್ದವನಿಗೆ ಒಳಗೆ ಬರುವ ಹಡಗೂ ಹೊರಗೆ ಹೋಗುವ ಹಡಗೂ ಸುಂಕ ತೆರಲೇಬೇಕು. ಮನೆಯ ಹೊಸ್ತಿಲ ಮೇಲೆ ಕುಳಿತವನು ಮನೆಯನ್ನೆಲ್ಲ ಕಾಯುವಂತೆ, ಒಂದು ಸಣ್ಣ ದ್ವೀಪವು ದೊಡ್ಡ ನಾಡನ್ನು ಕಾಯುವುದು. ಅದು ಹಗೆಯ ಕೈಯಲ್ಲಿದ್ದರೆ ಆ ನಾಡಿನ ಉಸಿರನ್ನೇ ಕಟ್ಟುವುದು. ಹಿಡಿದುದನ್ನು ಉಳಿಸಿಕೊಳ್ಳುವುದೂ ಚಾಲುಕ್ಯರಿಗೆ ಗೊತ್ತಿತ್ತು. ಶಕ 532ರ ಗೋವೆಯ ತಾಮ್ರಪಟವೊಂದರಲ್ಲಿ, ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನೆಂಬ ಮಾಂಡಲಿಕನು ರೇವತೀದ್ವೀಪದಲ್ಲಿಯೇ ಬೀಡುಬಿಟ್ಟು ನಾಲ್ಕು ವಿಷಯಮಂಡಲಗಳನ್ನು ಆಳುತ್ತಿದ್ದನೆಂದು ತಿಳಿದುಬರುತ್ತದೆ. ಮಂಗಲೇಶನು ಅಣ್ಣನ ಮಗನೊಡನೆ ಕಾದಿ ಮಡಿದಮೇಲೂ ದ್ವೀಪವು ಬಾದಾಮಿಯ ಕೈಬಿಡಲಿಲ್ಲ.

ನಮ್ಮ ಪೂರ್ವಿಕರು ಇಂಥ ಕೋಟೆಯ ಗುಣದೋಷಗಳನ್ನು ಶಾಸ್ತ್ರವಾಗಿಯೇ ವಿಚಾರಿಸಿದ್ದರು. ಎರಡು ಕಡೆಗಳಲ್ಲಿ ನೀರುಳ್ಳದ್ದೇ ದ್ವೀಪವೆಂದು ವೈಯಾಕರಣರ ವ್ಯುತ್ಪತ್ತಿ. ಆದುದರಿಂದ ಹೊಳೆಯ ನಡುಗಡ್ಡೆಯೂ ದ್ವೀಪವೇ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ನಾಲ್ಕು ಬಗೆ. ಅದರ ಏಳನೆಯ ಅಧಿಕರಣದಲ್ಲಿ ಒಂದು ಸೊಗಸಾದ ಚರ್ಚೆಯಿದೆ. ನೆಲದ ಕೋಟೆಗಿಂತ ಹೊಳೆಯ ಕೋಟೆಯನ್ನು ಹಿಡಿಯುವುದು ಇಮ್ಮಡಿ ಕಷ್ಟ, ಏಕೆಂದರೆ ಸುತ್ತಲಿನ ನೀರೇ ಒಳಗಿನ ಹಗೆಗೆ ಕುಡಿಯುವ ನೀರೂ ಜೀವನವೂ ಆಗುವುದು. ಆದರೂ ಬೆಟ್ಟದ ಕೋಟೆಗಿಂತ ಇದು ಸುಲಭ, ಏಕೆಂದರೆ ನೀರಿನ ಆಳವು ನಿತ್ಯವಲ್ಲ.

ಆಳವು ನಿತ್ಯವಲ್ಲವೆಂಬ ಈ ಮಾತಿನ ಬೆಲೆಯನ್ನು ಶ್ರೀರಂಗಪಟ್ಟಣದಲ್ಲಿ ನೋಡಬೇಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯಲ್ಲಿ ಟೀಪೂ ಸುಲ್ತಾನನ ದಂಡನ್ನು ಹಿಮ್ಮೆಟ್ಟಿಸಿ ದ್ವೀಪದ ಎದುರಿಗೇ ಬಂದು ನಿಂತನು. ಅಷ್ಟರಲ್ಲಿ ಮಳೆ ಹಿಡಿಯಿತು, ಎತ್ತುಗಳು ಸತ್ತುವು, ಧಾನ್ಯ ತೀರಿತು. ಗೆದ್ದ ಸೇನಾಪತಿಯು ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಬಂದುದು ಫೆಬ್ರವರಿಯಲ್ಲಿ. ಅರ್ಧ ರಾಜ್ಯವೂ ಸುಲ್ತಾನನ ಇಬ್ಬರು ಮಕ್ಕಳ ಒತ್ತೆಯೂ ಅವನಿಗೆ ದೊರೆತುವು. 1799ರಲ್ಲಿ ಹ್ಯಾರಿಸನ ಸೈನ್ಯಕ್ಕೂ ಅದೇ ಗಡುವು ಕಣ್ಣೆದುರಿಗೆ ಇತ್ತು. ಏಪ್ರಿಲಿನಲ್ಲಿ ಮುತ್ತಿಗೆ ಕಟ್ಟಿ, ವಾಯವ್ಯದ ಗೋಡೆಯನ್ನು ಒಡೆದು, ಮೇ 4ರ ನಡುಹಗಲಿನಲ್ಲಿ, ಕಲ್ಲುಬಂಡೆಗಳ ನಡುವೆ ಬಡವಾಗಿ ಹರಿಯುತ್ತಿದ್ದ ಕಾವೇರಿಯನ್ನು ಬೇರ್ಡನ ಸಿಪಾಯಿಗಳು ನಡೆದೇ ದಾಟಿದರು. ಅಂದೇ ಸುಲ್ತಾನನು ಕಾದುತ್ತ ಬಿದ್ದನು. ಮೀರ್ ಸಾದಿಕನ ದ್ರೋಹವನ್ನು ಜನರು ಇಂದಿಗೂ ಹಳಿಯುವರು, ಹಳಿಯಲಿ. ಆದರೆ ದಂಡಿನಲ್ಲಿ ಅಕ್ಕಿ ಮುಗಿಯುತ್ತ ಬಂದಿದ್ದ ಆ ಹೊತ್ತಿಗೆ ಹೊಳೆಯು ಇನ್ನೊಂದು ತಿಂಗಳು ಮೊದಲೇ ತುಂಬಿ ಬಂದಿದ್ದರೆ ದ್ರೋಹಿಯಿಂದ ಏನಾಗುತ್ತಿತ್ತೆಂದು ನನಗೆ ತೋರದು.

ಕಡಲಾದರೋ ಬೇಸಗೆಯಲ್ಲಿ ಬತ್ತುವುದಿಲ್ಲ. ಜಂಜೀರದ ಸಿದ್ದಿಗಳನ್ನು ಮರಾಠರು ಮಣಿಸಲಾರದೆ ಹೋದುದು ಇದಕ್ಕೇ. 1682ರಲ್ಲಿ ಸಂಭಾಜಿಯು ರಾಮಾಯಣದ ಸೇತುಬಂಧವನ್ನು ನೆನೆದನೋ ಏನೋ, ದಡದಿಂದ ದ್ವೀಪಕ್ಕೆ ಕಲ್ಲುಮಣ್ಣಿನ ದಾರಿ ಕಟ್ಟಿಸಲು ತೊಡಗಿದನು. ಮೊಗಲರ ದಂಡು ಬೆನ್ನಹಿಂದೆ ಬರಲು ಅದನ್ನು ಬಿಡಬೇಕಾಯಿತು. ಅವನ ತಂದೆಯು ಇದಕ್ಕಿಂತ ಮೊದಲೇ, 1664ರಲ್ಲಿ, ಮಾಲವಣದ ಎದುರಿಗೆ ಸಿಂಧುದುರ್ಗದ ಕೆಲಸಕ್ಕೆ ಕೈಯಿಕ್ಕಿ, ಹಗೆಯ ದ್ವೀಪಕ್ಕೆ ತನ್ನದೊಂದು ದ್ವೀಪವನ್ನೇ ಉತ್ತರವಾಗಿ ನಿಲ್ಲಿಸಿದ್ದನು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದವರು ಇನ್ನೂ ಒಂದು ಉಪಾಯ ಮಾಡಿದರು. ಸುಮಾರು ಒಂದು ಲಕ್ಷ ಜಪಾನೀಯರಿದ್ದ ರಬೌಲನ್ನು ಮುತ್ತದೆ, ಸುತ್ತಲಿನ ದಾರಿಗಳನ್ನು ಮಾತ್ರ ಕಟ್ಟಿ, ಮುಂದಕ್ಕೆ ಹೋದರು. ಆದರೆ ವಿಮಾನದಾಣಗಳಿದ್ದ, ಎಂಟೇ ಚದರ ಮೈಲಿನ ಇವೊಜಿಮವನ್ನು ಮಾತ್ರ ಬಿಡದೆ, 1945ರ ಫೆಬ್ರವರಿ-ಮಾರ್ಚಿನಲ್ಲಿ ತಮ್ಮವರನ್ನೇ ಸುಮಾರು 6,800 ಮಂದಿಯನ್ನು ಬಲಿಕೊಟ್ಟು ಹಿಡಿದರು. ಅಷ್ಟು ಬೆಲೆಗೆ ಅದು ತಕ್ಕುದಾಗಿತ್ತೆ ಎಂಬ ವಾದ ಅವರಲ್ಲಿಯೇ ತೀರಿಲ್ಲ. ಯಾವ ದ್ವೀಪವನ್ನು ಹಿಡಿಯಬೇಕೆಂಬುದಕ್ಕಿಂತ ಯಾವುದನ್ನು ಬಿಟ್ಟು ಮುಂದೆ ಸಾಗಬಹುದೆಂಬುದೇ ಸೇನಾಪತಿಗೆ ಕಠಿಣವಾದ ಪ್ರಶ್ನೆಯೆಂದು ನನ್ನ ಮತ.

ಬಿಟ್ಟು ಸಾಗಲಾಗದಂಥ ದ್ವೀಪವೊಂದು ನಮ್ಮ ಕಾರವಾರದ ಎದುರಿಗೇ ಇರುವುದು. ಅಂಜದೀವದಲ್ಲಿ ಪೋರ್ತುಗೀಜರು 1505ರಲ್ಲಿ ಮೊದಲು ಕೋಟೆ ಕಟ್ಟಿದರು, ಬೇಗನೆ ಬಿಟ್ಟರು, 1682ರಲ್ಲಿ ಮರಾಠರ ಭಯದಿಂದ ಮತ್ತೆ ಕಟ್ಟಿದರು. ನಡುವೆ, ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಹೊರಟುಬಂದ ಇಂಗ್ಲಿಷ್ ಸಿಪಾಯಿಗಳು ಪೋರ್ತುಗೀಜರ ಅನುಮತಿಗಾಗಿ ಇಲ್ಲಿ ಕಾಯುತ್ತ ಕುಳಿತು, ಅವರ ನಾಯಕನಾದ ಶಿಪ್‌ಮನ್ನನೂ ಬಹುಮಂದಿ ಸಿಪಾಯಿಗಳೂ ರೋಗದಿಂದಲೇ ತೀರಿಹೋದರು. 1665ರಲ್ಲಿ ಮುಂಬಯಿಯನ್ನು ಸೇರಿದವರು ನೂರರಷ್ಟು ಮಾತ್ರ. ಒಂದು ಗುಂಡೂ ಹಾರದೆ ದ್ವೀಪವು ಒಂದು ದಂಡನ್ನು ನುಂಗಿತು.

ದೇಶವು ಸ್ವತಂತ್ರವಾಗಿ ಹದಿನಾಲ್ಕು ವರ್ಷಗಳಾದರೂ ಅಲ್ಲಿ ಪೋರ್ತುಗಲ್ಲಿನ ಬಾವುಟವೇ ಹಾರುತ್ತಿತ್ತು. 1961ರ ನವೆಂಬರ 17ರಂದು ಆ ಮಾರ್ಗದಲ್ಲಿ ಸಾಗುತ್ತಿದ್ದ ಸಾಬರಮತಿಯೆಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಕೆಲವು ದಿನಗಳಲ್ಲಿ ಒಬ್ಬ ಬಡ ಮೀನುಗಾರನು ಗುಂಡಿಗೆ ಸತ್ತನು. ಹೊಸ್ತಿಲ ಮೇಲೆ ಹಗೆಯು ಕುಳಿತರೆ ಆಗುವುದು ಇದೇ. ಡಿಸೆಂಬರ 18ರ ಬೆಳಿಗ್ಗೆ ಮೈಸೂರು, ತ್ರಿಶೂಲಗಳೆಂಬ ನಮ್ಮ ಯುದ್ಧನೌಕೆಗಳು ಬಂದು, ತ್ರಿಶೂಲದ ನಾವಿಕರು ದೋಣಿಗಳಲ್ಲಿ ದಡಕ್ಕೆ ಹೊರಟರು. ಮೊದಲ ತಂಡ ಇಳಿಯಿತು; ಹಿಂದಿನಿಂದ ಬಂದ ತಂಡದ ಮೇಲೆ ಗುಂಡಿನ ಮಳೆ ಸುರಿಯಿತು. ದೋಣಿಯಲ್ಲಿದ್ದವನಿಗೆ ಮರೆಯೆಲ್ಲಿ? ಏಳು ಮಂದಿ ನಾವಿಕರು ಪ್ರಾಣವನ್ನು ಒಪ್ಪಿಸಿದರು. ನೌಕೆಗಳ ತೋಪುಗಳು ಮಾತನಾಡಿದ ತರುವಾಯ, ಮರುದಿನ ದ್ವೀಪವು ವಶವಾಯಿತು.

ಆಡಳಿತಕ್ಕೆ ಅಂಜದೀವವು ಗೋವೆಯ ರಾಜ್ಯಕ್ಕೆ ಸೇರಿದ್ದರೂ ಈಗ ಅದು ಕಾರವಾರದ ಕದಂಬ ನೌಕಾನೆಲೆಯ ಭಾಗವಾಗಿದೆ. ಅಲೆತಡೆಯ ಕಲ್ಲಿನ ಕಟ್ಟೆಯು ಅದನ್ನು ದಡಕ್ಕೆ ಜೋಡಿಸಿರುವುದು. ಮಡಿದ ಏಳು ಮಂದಿಯ ಸ್ಮಾರಕವು ಗೋವೆಯ ಗೋಮಂತಕ ನೌಕಾನೆಲೆಯಲ್ಲಿ ಇದೆ.